ಪ್ಯಾಕೆಟ್ ಮೇಲಿನ ಶೇ 85: ಬೆಂಗಳೂರಿನಲ್ಲಿ ಬಿದ್ದು ದೆಹಲಿಯಲ್ಲಿ ಉಳಿದ ಒಂದು ನಿಯಮದ ಪ್ರಕರಣ ಅಧ್ಯಯನ

ತಂಬಾಕು ಉತ್ಪನ್ನಗಳ ಪ್ಯಾಕೆಟ್‌ನ ಎರಡೂ ಮುಖ್ಯ ಬದಿಗಳಲ್ಲಿ ಶೇ 85ರಷ್ಟು ಜಾಗವನ್ನು ಆರೋಗ್ಯ ಎಚ್ಚರಿಕೆಯ ಚಿತ್ರಕ್ಕೂ ಬರಹಕ್ಕೂ ಬಿಟ್ಟುಕೊಡಬೇಕೆಂಬ ಕೇಂದ್ರ ಸರ್ಕಾರದ ನಿಯಮವನ್ನು ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು 2017ರ ಡಿಸೆಂಬರ್ 15ರಂದು ರದ್ದುಪಡಿಸಿತು. ಮೂರು ವಾರ ಕಳೆದು ಕೆಲವೇ ದಿನಗಳಾಗುವಷ್ಟರಲ್ಲಿ, 2018ರ ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಅಂಗಡಿಗಳಲ್ಲಿ ಇಂದಿಗೂ ನಾವು ನೋಡುವ, ಗಂಟಲಿನ ಹುಣ್ಣನ್ನೂ ಕೆನ್ನೆಯ ಗಾಯವನ್ನೂ ದೊಡ್ಡದಾಗಿ ತೋರಿಸುವ ಪ್ಯಾಕೆಟ್‌ಗಳು ಉಳಿದಿರುವುದು ಆ ತಡೆಯಾಜ್ಞೆಯ ಬಲದಿಂದ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ತಂಬಾಕು ನಿಯಂತ್ರಣದ ಚರ್ಚೆಯಲ್ಲಿ ಧೂಮಪಾನ ಮಾಡುವವನ ಮನಸ್ಸಿನ ಬಗ್ಗೆ, ಅವನ ಹಟದ ಬಗ್ಗೆ, ಅವನ ಮನೆಯವರ ಸಂಕಟದ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಒಂದು ಎಚ್ಚರಿಕೆಯ ಚಿತ್ರ ಕಾಗದದ ಮೇಲೆ ಅಚ್ಚಾಗಿ ಅಂಗಡಿ ತಲುಪುವ ಮೊದಲು ಎಷ್ಟು ಮೇಜುಗಳನ್ನು ದಾಟಬೇಕು, ಯಾವ ಮೇಜಿನಲ್ಲಿ ಎಷ್ಟು ಕಾಲ ಕುಳಿತಿರುತ್ತದೆ, ಆ ಕಾಲದಲ್ಲಿ ಯಾರಿಗೆ ಲಾಭವಾಗುತ್ತದೆ ಎಂಬುದನ್ನು ಅಷ್ಟಾಗಿ ನೋಡುವುದಿಲ್ಲ. ಶೇ 85ರ ನಿಯಮ ಸರಿಯಾದ ನಿಯಮವೆಂದು ನಾನು ದೃಢವಾಗಿ ನಂಬುತ್ತೇನೆ. ಹಾಗೆ ನಂಬುವವರಿಗೇ ಅದು ಒಮ್ಮೆ ಏಕೆ ಬಿತ್ತು ಎಂಬುದನ್ನು ಅರಿಯುವ ಹೊಣೆ ಹೆಚ್ಚು.

ಹಿನ್ನೆಲೆ

ನಮ್ಮಲ್ಲಿ ಸಿಗರೇಟಿನ ಪ್ಯಾಕೆಟ್ ಮೇಲೆ ಎಚ್ಚರಿಕೆ ಬಂದದ್ದು 1975ರ ಸಿಗರೇಟು ಕಾಯ್ದೆಯಿಂದ. ‘ಶಾಸನ ವಿಧಿಸಿದ ಎಚ್ಚರಿಕೆ: ಸಿಗರೇಟು ಸೇವನೆ ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲು ಸಣ್ಣ ಅಕ್ಷರಗಳಲ್ಲಿ, ಓದು ಬಲ್ಲವರಿಗೆ ಮಾತ್ರ ದಕ್ಕುವಂತೆ, ಪ್ಯಾಕೆಟ್‌ನ ಒಂದು ಅಂಚಿನಲ್ಲಿ ದಶಕಗಳ ಕಾಲ ಇತ್ತು. ಬೀಡಿಗೂ ಕಡ್ಡಿಪುಡಿಗೂ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. 2003ರಲ್ಲಿ ಸಂಸತ್ತು ಅಂಗೀಕರಿಸಿದ, ಕೋಟ್ಪಾ ಎಂಬ ಹ್ರಸ್ವನಾಮದಿಂದಲೇ ಎಲ್ಲರೂ ಕರೆಯುವ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯು ಎಲ್ಲ ತಂಬಾಕು ಉತ್ಪನ್ನಗಳನ್ನೂ ಒಳಗೊಂಡಿತು. ಅದರ 7ನೇ ಕಲಮು ಚಿತ್ರಸಹಿತ ಎಚ್ಚರಿಕೆಯಿಲ್ಲದೆ ಯಾವ ತಂಬಾಕು ಉತ್ಪನ್ನವನ್ನೂ ಮಾರುವಂತಿಲ್ಲ ಎಂದು ಹೇಳಿತು. ಮರುವರ್ಷ, ಅಂದರೆ 2004ರ ಫೆಬ್ರುವರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದವನ್ನು ಭಾರತ ಸ್ಥಿರೀಕರಿಸಿತು. ಪ್ಯಾಕೆಟ್‌ನ ಮುಖ್ಯ ಬದಿಗಳ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚಿನ ಭಾಗವನ್ನು ಎಚ್ಚರಿಕೆ ಆವರಿಸಬೇಕು, ಶೇ 30ಕ್ಕಿಂತ ಕಡಿಮೆಯಂತೂ ಇರಕೂಡದು ಎಂದು ಆ ಒಪ್ಪಂದದ 11ನೇ ವಿಧಿ ಹೇಳುತ್ತದೆ.

ಕಾಯ್ದೆಯಿತ್ತು, ಒಪ್ಪಂದವಿತ್ತು, ಆದರೂ ಚಿತ್ರ ಬರಲು ಆರು ವರ್ಷ ಹಿಡಿಯಿತು. 2006ರ ಜುಲೈನಲ್ಲಿ ಹೊರಟ ಮೊದಲ ನಿಯಮಗಳಲ್ಲಿ ತಲೆಬುರುಡೆಯ ಗುರುತಿತ್ತು, ಚಿತ್ರಗಳು ತೀಕ್ಷ್ಣವಾಗಿದ್ದವು. ಬೀಡಿ ಕಟ್ಟುವ ಪ್ರದೇಶಗಳ ಜನಪ್ರತಿನಿಧಿಗಳು ವಿರೋಧಿಸಿದರು. ತಲೆಬುರುಡೆಯ ಗುರುತನ್ನು ಕಡ್ಡಾಯದ ಪಟ್ಟಿಯಿಂದ ಬಿಡಲು 2007ರಲ್ಲಿ ಕಾಯ್ದೆಯನ್ನೇ ತಿದ್ದಲಾಯಿತು. ಮಂತ್ರಿಗಳ ಗುಂಪೊಂದು ಚಿತ್ರಗಳನ್ನು ಮರುಪರಿಶೀಲಿಸಿತು. ಕೊನೆಗೆ 2008ರ ನಿಯಮಗಳು ಮುಂಭಾಗದ ಶೇ 40ಕ್ಕೆ ಇಳಿದವು. ಹಿಂಭಾಗಕ್ಕೆ ಏನೂ ಇಲ್ಲದ ಕಾರಣ ಸರಾಸರಿಯಲ್ಲಿ ಅದು ಶೇ 20 ಮಾತ್ರ. ಜಗಿಯುವ ತಂಬಾಕಿನ ಮೇಲೆ ಚೇಳಿನ ಚಿತ್ರ ಬಂತು. ಚೇಳಿಗೂ ಬಾಯಿಯ ಕ್ಯಾನ್ಸರಿಗೂ ಏನು ನಂಟು ಎಂದು ಅರ್ಥವಾಗದೆ, ಅದೊಂದು ಹೊಸ ಬ್ರಾಂಡಿನ ಗುರುತಿರಬೇಕೆಂದು ಯಾರಾದರೂ ತಿಳಿದಿದ್ದರೆ ಅದು ಅವರ ತಪ್ಪಲ್ಲ. ಅದೂ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ನಂತರ, 2009ರ ಮೇ 31ರಿಂದಷ್ಟೇ ಜಾರಿಗೆ ಬಂತು.

ಶೇ 85ರ ನಿರ್ಧಾರ ಮತ್ತು ಕಳೆದುಹೋದ ಒಂದು ವರ್ಷ

2014ರ ಅಕ್ಟೋಬರ್ 15ರಂದು, ಡಾ. ಹರ್ಷವರ್ಧನ್ ಆರೋಗ್ಯ ಸಚಿವರಾಗಿದ್ದಾಗ, ಕೇಂದ್ರ ಆರೋಗ್ಯ ಸಚಿವಾಲಯವು ಹೊಸ ಅಧಿಸೂಚನೆ ಹೊರಡಿಸಿತು. ಪ್ಯಾಕೆಟ್‌ನ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗ ಎಚ್ಚರಿಕೆಗೆ. ಅದರಲ್ಲಿ ಶೇ 60 ಚಿತ್ರ, ಶೇ 25 ಬರಹ. 2015ರ ಏಪ್ರಿಲ್ 1 ಜಾರಿಯ ದಿನ. 2014ರಲ್ಲೇ ಥಾಯ್ಲೆಂಡ್ ಶೇ 85ಕ್ಕೆ ಏರಿತ್ತು. ಆಸ್ಟ್ರೇಲಿಯಾ 2012ರಿಂದಲೇ ಬ್ರಾಂಡಿನ ಬಣ್ಣ, ಲಾಂಛನಗಳನ್ನೆಲ್ಲ ತೆಗೆದು, ಮುಂಭಾಗದ ಶೇ 75 ಮತ್ತು ಹಿಂಭಾಗದ ಶೇ 90ನ್ನು ಎಚ್ಚರಿಕೆಗೆ ಮೀಸಲಿಟ್ಟಿತ್ತು. ಭಾರತ ಹೊಸ ದಾರಿಯನ್ನೇನೂ ತುಳಿಯುತ್ತಿರಲಿಲ್ಲ, ತಡವಾಗಿ ಸೇರಿಕೊಳ್ಳುತ್ತಿತ್ತು.

ಜಾರಿಗೆ ಇನ್ನೇನು ಕೆಲವೇ ದಿನಗಳಿರುವಾಗ ಲೋಕಸಭೆಯ ಅಧೀನ ಶಾಸನ ಸಮಿತಿ ನಡುವೆ ಬಂತು. ಕಾಯ್ದೆಯಡಿ ಸರ್ಕಾರ ರೂಪಿಸುವ ನಿಯಮಗಳನ್ನು ಪರಿಶೀಲಿಸುವುದು ಆ ಸಮಿತಿಯ ಕೆಲಸವೇ. ಪರಿಶೀಲನೆಯ ಅಧಿಕಾರವನ್ನು ಯಾರೂ ಪ್ರಶ್ನಿಸಲಾಗದು. ಆದರೆ ಸಮಿತಿಯ ಅಧ್ಯಕ್ಷರಾಗಿದ್ದ ಅಹಮದ್‌ನಗರದ ಸಂಸದ ದಿಲೀಪ್ ಗಾಂಧಿಯವರು, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಅಧ್ಯಯನಗಳೆಲ್ಲ ವಿದೇಶದವು, ಭಾರತದಲ್ಲಿ ಅಂಥ ಅಧ್ಯಯನ ನಡೆದಿಲ್ಲ ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದರು. ಬಾಯಿಯ ಕ್ಯಾನ್ಸರಿನ ಬಗ್ಗೆ ಜಗತ್ತಿಗೆ ಪಾಠ ಹೇಳಿಕೊಟ್ಟಿರುವುದರಲ್ಲಿ ಭಾರತದ ವೈದ್ಯರ ಪಾಲು ದೊಡ್ಡದು. ನಮ್ಮದೇ ಕಿದ್ವಾಯಿ ಆಸ್ಪತ್ರೆಯ ವಾರ್ಡುಗಳು, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವಾರ್ಡುಗಳು ತುಂಬಿರುವ ದೇಶದಲ್ಲಿ ಸಂಸತ್ತಿನ ಸಮಿತಿಯೊಂದರ ಅಧ್ಯಕ್ಷರು ಹೀಗೆ ಹೇಳಿದ್ದು ನೋವಿನ ಸಂಗತಿ. ಸಮಿತಿಯ ಸದಸ್ಯರಲ್ಲಿ ಒಬ್ಬರಾದ ಅಲಹಾಬಾದಿನ ಸಂಸದ ಶ್ಯಾಮಾ ಚರಣ್ ಗುಪ್ತಾ ಸ್ವತಃ ಬೀಡಿ ಉದ್ಯಮಿಯಾಗಿದ್ದರು. ತಾನು ಲಾಭ ಪಡೆಯುವ ವಸ್ತುವಿನ ಮೇಲಿನ ನಿಯಂತ್ರಣವನ್ನು ಪರಿಶೀಲಿಸುವ ಸ್ಥಾನದಲ್ಲಿ ತಾನೇ ಕೂರುವುದನ್ನು ತಡೆಯುವಷ್ಟು ಗಟ್ಟಿಯಾದ ಏರ್ಪಾಡು ಇರಲಿಲ್ಲ ಎಂಬುದು ಇಡೀ ಪ್ರಕರಣದ ಅತ್ಯಂತ ಕಳವಳಕಾರಿ ಅಂಶಗಳಲ್ಲೊಂದು.

ಸಮಿತಿಯ ಮಧ್ಯಂತರ ಶಿಫಾರಸಿನಂತೆ 2015ರ ಮಾರ್ಚ್ 26ರಂದು ಸರ್ಕಾರ ಜಾರಿಯನ್ನು ಮುಂದೂಡಿತು. ಸರ್ಕಾರದ್ದೇ ತಂಬಾಕು ವಿರೋಧಿ ಜಾಹೀರಾತಿನಲ್ಲಿ ತನ್ನ ಕತೆ ಹೇಳಿಕೊಂಡಿದ್ದ ಮಧ್ಯಪ್ರದೇಶದ 28 ವರ್ಷದ ಮಹಿಳೆಯೊಬ್ಬರು, ಬಾಯಿಯ ಕ್ಯಾನ್ಸರಿನಿಂದ ಬಳಲುತ್ತಿದ್ದವರು, ಸಮಿತಿಯ ಅಧ್ಯಕ್ಷರ ಮಾತುಗಳಿಂದ ನೊಂದು ಪ್ರಧಾನಿಗೆ ಪತ್ರ ಬರೆದರು. ಆ ನಿಯಮ ಜಾರಿಗೆ ಬರಬೇಕಿದ್ದ 2015ರ ಏಪ್ರಿಲ್ 1ರಂದೇ ಅವರು ತೀರಿಕೊಂಡರು.

ಮುಂದೂಡಿಕೆಯನ್ನು ಪ್ರಶ್ನಿಸಿ ರಾಜಸ್ಥಾನ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಆ ನ್ಯಾಯಾಲಯ 2015ರ ಜುಲೈನಲ್ಲಿ ಮುಂದೂಡಿಕೆಗೆ ತಡೆ ನೀಡಿತು. ಸೆಪ್ಟೆಂಬರಿನಲ್ಲಿ ಸರ್ಕಾರ 2016ರ ಏಪ್ರಿಲ್ 1ನ್ನು ಹೊಸ ದಿನವೆಂದು ಪ್ರಕಟಿಸಿತು. ಅಷ್ಟಾದರೂ, 2016ರ ಮಾರ್ಚಿನಲ್ಲಿ ಬಂದ ಸಮಿತಿಯ ಅಂತಿಮ ವರದಿಯು ಶೇ 85 ಅತಿಯಾಯಿತೆಂದು ಹೇಳಿ, ಸಿಗರೇಟಿಗೆ ಎರಡೂ ಬದಿ ಶೇ 50 ಸಾಕೆಂದೂ ಬೀಡಿಗೆ ಅದಕ್ಕಿಂತ ಸಡಿಲವಾದ ನಿಯಮ ಇರಲೆಂದೂ ಶಿಫಾರಸು ಮಾಡಿತು. ಈ ಬಾರಿ ಸಚಿವಾಲಯ ಮಣಿಯಲಿಲ್ಲ. ಆರೋಗ್ಯ ಸಚಿವರಾಗಿದ್ದ ಜೆ.ಪಿ. ನಡ್ಡಾ ಅವರ ಕಾಲದಲ್ಲಿ ನಿಯಮ ನಿಗದಿತ ದಿನದಂದೇ ಜಾರಿಯಾಯಿತು. ದೊಡ್ಡ ಸಿಗರೇಟು ಕಂಪನಿಗಳು ನಿಯಮದಲ್ಲಿ ಸ್ಪಷ್ಟತೆಯಿಲ್ಲವೆಂದು ಹೇಳಿ ಅಂದಿನಿಂದ ಉತ್ಪಾದನೆಯನ್ನೇ ನಿಲ್ಲಿಸಿದವು. ಮುಂದೆ ಹೊಸ ಚಿತ್ರಗಳನ್ನು ಅಚ್ಚು ಹಾಕಿಕೊಂಡೇ ಮಾರುಕಟ್ಟೆಗೆ ಬಂದವು.

ಆ ಒಂದು ವರ್ಷದ ವಿಳಂಬವನ್ನು ಯಾರು ಯಾರಿಗೆ ಭರಿಸಿಕೊಡುವರು? ತಂಬಾಕಿನಿಂದ ಭಾರತದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂಬ ಅಂದಾಜಿದೆ. ಚಿತ್ರವೊಂದರಿಂದ ಅವರೆಲ್ಲ ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಉದ್ಯಮಕ್ಕೆ ಪ್ರತಿ ಬಾರಿಯೂ ಗೆಲ್ಲಬೇಕಾದ ಅಗತ್ಯವಿಲ್ಲ, ಕಾಲ ದೊರೆತರೆ ಸಾಕು. ಸಮಿತಿ, ಮುಂದೂಡಿಕೆ, ಮಧ್ಯಂತರ ತಡೆ, ಸ್ಪಷ್ಟೀಕರಣದ ಕೋರಿಕೆ ಇವೆಲ್ಲವೂ ಕಾಲವನ್ನೇ ಕೊಡುತ್ತವೆ.

ಬೆಂಗಳೂರಿಗೆ ಬಂದ ವ್ಯಾಜ್ಯ

ನಿಯಮದ ವಿರುದ್ಧ ದೇಶದ ಹಲವು ಹೈಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು. ಸಿಗರೇಟು ಕಂಪನಿಗಳ ಒಕ್ಕೂಟವಾದ ಟೊಬ್ಯಾಕೊ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ, ಬೀಡಿ ತಯಾರಕರ ಸಂಘಗಳು ಹೀಗೆ ಅರ್ಜಿದಾರರು ಹಲವರು. ಒಂದೊಂದು ರಾಜ್ಯದಲ್ಲಿ ಒಂದೊಂದು ಆದೇಶ ಬಂದರೆ ದೇಶಕ್ಕೆಲ್ಲ ಅನ್ವಯಿಸುವ ನಿಯಮ ಚೂರುಚೂರಾಗುತ್ತದೆ. 2016ರ ಮೇ 4ರಂದು ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಮತ್ತು ನ್ಯಾಯಮೂರ್ತಿ ಅಮಿತಾವ ರಾಯ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು ಎಲ್ಲ ಅರ್ಜಿಗಳನ್ನೂ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿ, ಕೆಲವೇ ವಾರಗಳಲ್ಲಿ ತೀರ್ಮಾನಿಸುವಂತೆ ಕೋರಿತು. ಅಲ್ಲಿಯವರೆಗೆ ತಯಾರಕರು ಜಾರಿಯಲ್ಲಿರುವ ನಿಯಮವನ್ನು ಪಾಲಿಸಲೇಬೇಕೆಂದೂ ಹೇಳಿತು. ಹೀಗೆ ದೇಶದ ಅಷ್ಟೂ ತಂಬಾಕು ಪ್ಯಾಕೆಟ್‌ಗಳ ವ್ಯಾಜ್ಯ ಬೆಂಗಳೂರಿನ ನ್ಯಾಯಾಲಯದ ಅಂಗಳಕ್ಕೆ ಬಂತು. ವಾರಗಳಲ್ಲಿ ಮುಗಿಯಬೇಕಿದ್ದ ವಿಚಾರಣೆ ಮುಗಿದು ತೀರ್ಪು ಬರುವಾಗ ಒಂದೂವರೆ ವರ್ಷ ಕಳೆದಿತ್ತು. ಆದರೆ ಈ ಸಲ ವಿಳಂಬದ ಕಾಲದಲ್ಲಿ ಜಾರಿಯಲ್ಲಿದ್ದುದು ಹೊಸ ನಿಯಮ.

ವ್ಯಾಜ್ಯ ಕರ್ನಾಟಕಕ್ಕೆ ಬಂದುದರಲ್ಲಿ ಒಂದು ಅರ್ಥವೂ ಇತ್ತು. ತಂಬಾಕಿನ ಎಲ್ಲ ಮುಖಗಳೂ ಈ ರಾಜ್ಯದಲ್ಲಿವೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಅರಕಲಗೂಡು ತಾಲ್ಲೂಕುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೆದು, ಬ್ಯಾರನ್‌ಗಳಲ್ಲಿ ಸೌದೆಯ ಬೆಂಕಿಯಲ್ಲಿ ಹದಗೊಳಿಸಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಸಾಗಿಸುವ ರೈತರಿದ್ದಾರೆ. ದಕ್ಷಿಣ ಕನ್ನಡದಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ತಲೆಮಾರುಗಳೇ ಇವೆ. ಜೊತೆಗೆ ಕ್ಯಾನ್ಸರ್ ಆಸ್ಪತ್ರೆಗಳಿವೆ. ನಿಯಮದ ವಿರುದ್ಧ ವಾದಿಸಿದವರು ಮೊದಲಿನ ಇಬ್ಬರ ಹೆಸರನ್ನು ಮತ್ತೆ ಮತ್ತೆ ಮುಂದಿಟ್ಟರು.

ಆ ವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೈಗೆ ಬರುವ ಕೂಲಿಯ ಬದಲಿಗೆ ಬೇರೇನನ್ನೂ ತೋರಿಸದೆ ಉದ್ಯಮವನ್ನು ಕುಗ್ಗಿಸಿದರೆ ಮೊದಲು ಬೀಳುವ ಏಟು ಅವರಿಗೇ. ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿಯು ಬೆಳೆಗಾರರಿಗೂ ಕಾರ್ಮಿಕರಿಗೂ ಪರ್ಯಾಯ ಜೀವನೋಪಾಯವನ್ನು ಬೆಂಬಲಿಸಬೇಕೆಂದು ಹೇಳುವುದು ಇದಕ್ಕಾಗಿಯೇ; ಆ ಕೆಲಸದಲ್ಲಿ ನಮ್ಮ ಸರ್ಕಾರಗಳು ಮಾಡಿರುವುದು ತೀರಾ ಕಡಿಮೆ. ಆದರೆ ಪಿರಿಯಾಪಟ್ಟಣದ ರೈತ ಬೆಳೆಯುವ ವರ್ಜೀನಿಯಾ ಸೊಪ್ಪಿನ ದೊಡ್ಡ ಪಾಲು ರಫ್ತಾಗುತ್ತದೆ, ಅದರ ಬೆಲೆ ನಿಲ್ಲುವುದು ವಿದೇಶಿ ಖರೀದಿದಾರರ ಬೇಡಿಕೆಯ ಮೇಲೆ. ಬೆಂಗಳೂರಿನ ಅಂಗಡಿಯ ಪ್ಯಾಕೆಟ್ ಮೇಲಿನ ಚಿತ್ರದ ಅಳತೆಯಿಂದ ಆ ವರ್ಷದ ಹರಾಜಿನ ದರ ಬೀಳುತ್ತದೆಂಬ ವಾದಕ್ಕೆ ಬಲವಿಲ್ಲ. ರೈತನ ಹೆಸರಿನಲ್ಲಿ ಕಾಪಾಡುತ್ತಿದ್ದುದು ಪ್ಯಾಕೆಟ್ ಮೇಲಿನ ಬ್ರಾಂಡಿನ ಜಾಗವನ್ನು. ಜಾಹೀರಾತು ನಿಷೇಧವಾದ ಮೇಲೆ ಕಂಪನಿಗೆ ಗ್ರಾಹಕನೊಂದಿಗೆ ಮಾತನಾಡಲು ಉಳಿದ ಮುಖ್ಯ ಸ್ಥಳ ಅದೊಂದೇ ಆಗಿತ್ತು.

ನ್ಯಾಯಾಲಯದಲ್ಲಿ ಮಂಡನೆಯಾದ ಕಾನೂನಿನ ವಾದಗಳು ಬೇರೆ ಬಗೆಯವು. ಸಂವಿಧಾನದ 19(1)(ಜಿ) ವಿಧಿ ಕೊಡುವ ವ್ಯಾಪಾರ ಸ್ವಾತಂತ್ರ್ಯಕ್ಕೆ ಇದು ಮಿತಿಮೀರಿದ ನಿರ್ಬಂಧ. ಕಾನೂನುಬದ್ಧವಾಗಿ ನೋಂದಾಯಿಸಿದ ವ್ಯಾಪಾರ ಚಿಹ್ನೆಗೆ ಉಳಿದಿರುವುದು ಶೇ 15ರಷ್ಟು ಜಾಗ. ಕಳ್ಳಸಾಗಣೆಯಾಗಿ ಬರುವ ಸಿಗರೇಟಿನ ಮೇಲೆ ಯಾವ ಚಿತ್ರವೂ ಇರುವುದಿಲ್ಲವಾದ್ದರಿಂದ ಗ್ರಾಹಕ ಆ ಕಡೆ ವಾಲುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಶೇ 85 ಎಂಬ ಸಂಖ್ಯೆ ಎಲ್ಲಿಂದ ಬಂತು? ಈ ಕೊನೆಯ ಪ್ರಶ್ನೆಯೇ ಸರ್ಕಾರವನ್ನು ಕಟ್ಟಿಹಾಕಿತು.

ತೀರ್ಪು

ನ್ಯಾಯಮೂರ್ತಿ ಬಿ.ಎಸ್. ಪಾಟೀಲ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಪ್ರತ್ಯೇಕವಾಗಿ ತಮ್ಮ ಅಭಿಪ್ರಾಯಗಳನ್ನು ಬರೆದರು. ಕೆಲವು ಅಂಶಗಳಲ್ಲಿ ಇಬ್ಬರ ಕಾರಣಗಳು ಬೇರೆಯಾಗಿದ್ದವು. 2014ರ ತಿದ್ದುಪಡಿ ನಿಯಮಗಳು ನಿಲ್ಲಲಾರವು ಎಂಬಲ್ಲಿ ಇಬ್ಬರೂ ಒಂದಾದರು. ಚಿತ್ರಸಹಿತ ಎಚ್ಚರಿಕೆಯನ್ನು ಕಡ್ಡಾಯಗೊಳಿಸುವ ಅಧಿಕಾರವೇ ಸರ್ಕಾರಕ್ಕಿಲ್ಲವೆಂದು ತೀರ್ಪು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಶೇ 40ರ ಹಳೆಯ ನಿಯಮ ಮುಂದುವರಿಯಲಿ, ಹೊಸ ನಿಯಮ ರೂಪಿಸಲು ಕೇಂದ್ರ ಸ್ವತಂತ್ರವಾಗಿದೆ ಎಂಬುದು ಅದರ ನಿಲುವು. ಬಿದ್ದದ್ದು ಎಚ್ಚರಿಕೆಯ ತತ್ವವಲ್ಲ, ಅದರ ಅಳತೆ. ಶೇ 40ರಿಂದ ಒಮ್ಮೆಲೇ ಶೇ 85ಕ್ಕೆ ಏರಲು ತಕ್ಕ ಆಧಾರವಿಲ್ಲ, ಹಾಗಾಗಿ ಅದು ವ್ಯಾಪಾರದ ಮೇಲಿನ ಅಸಮಂಜಸ ನಿರ್ಬಂಧವಾಗುತ್ತದೆ ಎಂಬ ದಿಕ್ಕಿನಲ್ಲಿ ತೀರ್ಪು ಸಾಗಿತು.

ನನ್ನ ಭಿನ್ನಾಭಿಪ್ರಾಯ ಇಲ್ಲಿದೆ. ನೀತಿಯಲ್ಲಿ ಬರುವ ಯಾವ ಸಂಖ್ಯೆಗೂ ಆ ಸಂಖ್ಯೆಯೇ ಸರಿ, ಅದರ ಅಕ್ಕಪಕ್ಕದ್ದಲ್ಲ ಎಂದು ತೋರಿಸುವ ಪುರಾವೆ ಸಿಗುವುದಿಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗ ಹದಿನೆಂಟೇ ಏಕೆ, ಹತ್ತೊಂಬತ್ತು ಏಕಲ್ಲ ಎಂಬುದಕ್ಕೆ ಯಾವ ಅಧ್ಯಯನವೂ ಇರಲಿಲ್ಲ. ದಿಕ್ಕು ಸರಿಯಿದೆಯೇ, ಆಯ್ಕೆ ವಿವೇಕದ ಎಲ್ಲೆಯೊಳಗಿದೆಯೇ ಎಂದಷ್ಟೇ ಕೇಳಲಾಗುತ್ತದೆ. ಎಚ್ಚರಿಕೆ ದೊಡ್ಡದಾದಷ್ಟೂ ಕಣ್ಣಿಗೆ ಬೀಳುತ್ತದೆ, ನೆನಪಿನಲ್ಲಿ ನಿಲ್ಲುತ್ತದೆ, ಚಿತ್ರವಿದ್ದರೆ ಓದು ಬಾರದವರಿಗೂ ತಲುಪುತ್ತದೆ ಎಂಬುದಕ್ಕೆ ಹಲವು ದೇಶಗಳ ಪುರಾವೆ ಇದೆ. 2008ರಲ್ಲಿ ಒಪ್ಪಂದದ ಸದಸ್ಯ ರಾಷ್ಟ್ರಗಳು ಅಂಗೀಕರಿಸಿದ ಮಾರ್ಗಸೂಚಿಯೂ ಅರ್ಧಕ್ಕೆ ನಿಲ್ಲದೆ ಸಾಧ್ಯವಾದಷ್ಟು ಹೆಚ್ಚು ಜಾಗವನ್ನು ಆವರಿಸಿ ಎಂದೇ ಹೇಳುತ್ತದೆ. ದಿಕ್ಕಿನ ಬಗ್ಗೆ ಸಂಶಯವಿಲ್ಲದಿದ್ದಾಗ, ಕೊಲ್ಲುವ ವಸ್ತುವಿನ ವಿಷಯದಲ್ಲಿ, ಅನುಮಾನದ ಲಾಭ ನಾಗರಿಕನ ಆರೋಗ್ಯಕ್ಕೆ ಸಲ್ಲಬೇಕಿತ್ತು.

ಹಾಗೆಂದು ಆರೋಗ್ಯ ಸಚಿವಾಲಯವನ್ನು ಪೂರ್ತಿಯಾಗಿ ಸಮರ್ಥಿಸುವುದೂ ನನ್ನಿಂದಾಗದು. ಇಂಥ ನಿಯಮ ಹೊರಟ ಮರುದಿನವೇ ನ್ಯಾಯಾಲಯದ ಮೆಟ್ಟಿಲೇರುತ್ತದೆಂಬುದು 2006ರಿಂದಲೇ ಗೊತ್ತಿದ್ದ ವಿಷಯ. ಬೇರೆ ಬೇರೆ ಅಳತೆಗಳನ್ನು ಹೋಲಿಸಿ, ಬೀಡಿಯ ಶಂಕುವಿನಾಕಾರದ ಕಟ್ಟಿನ ಮೇಲೆ ಶೇ 40 ಹೇಗೆ ಕಾಣುತ್ತದೆ, ಶೇ 85 ಹೇಗೆ ಕಾಣುತ್ತದೆ, ಬಳಸುವವರು ಎರಡನ್ನೂ ನೋಡಿ ಏನು ಗ್ರಹಿಸುತ್ತಾರೆ ಎಂದು ಹಳ್ಳಿಗಳಲ್ಲಿ ಪರೀಕ್ಷಿಸಿ, ವಾಣಿಜ್ಯ, ಕಾರ್ಮಿಕ, ಕೃಷಿ ಇಲಾಖೆಗಳ ಆಕ್ಷೇಪಗಳಿಗೆ ಲಿಖಿತ ಉತ್ತರ ಬರೆದು ಕಡತವನ್ನು ಗಟ್ಟಿ ಮಾಡಿಕೊಂಡು ನ್ಯಾಯಪೀಠದ ಮುಂದೆ ನಿಂತಿದ್ದರೆ ‘ಈ ಸಂಖ್ಯೆ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಅಷ್ಟು ದೂರ ಹೋಗುತ್ತಿರಲಿಲ್ಲ. ಸಾರ್ವಜನಿಕ ಆರೋಗ್ಯದ ನಿಯಮಗಳನ್ನು ರೂಪಿಸುವ ಅಧಿಕಾರಿಗಳು ತಮ್ಮ ಉದ್ದೇಶದ ಶುದ್ಧತೆಯೇ ಸಾಕೆಂದು ಭಾವಿಸುವುದುಂಟು. ನ್ಯಾಯಾಲಯ ಓದುವುದು ಕಡತವನ್ನು.

ಸರ್ಕಾರದೊಳಗಿನ ಇಬ್ಬಂದಿತನವನ್ನೂ ಇಲ್ಲಿಯೇ ಹೇಳಬೇಕು. ಒಂದು ಸಚಿವಾಲಯ ಪ್ಯಾಕೆಟ್ ಮೇಲೆ ಕ್ಯಾನ್ಸರ್ ಚಿತ್ರ ಹಾಕಿಸುತ್ತದೆ. ವಾಣಿಜ್ಯ ಸಚಿವಾಲಯದ ಅಡಿಯ ತಂಬಾಕು ಮಂಡಳಿ ಬೆಳೆಯ ಮಾರಾಟವನ್ನೂ ರಫ್ತನ್ನೂ ನೋಡಿಕೊಳ್ಳುತ್ತದೆ. ಸರ್ಕಾರಿ ಒಡೆತನದ ಜೀವ ವಿಮಾ ನಿಗಮ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಲ್ಲಿ ಷೇರು ಹೊಂದಿದೆ. ಒಂದೇ ಸರ್ಕಾರ ಹೀಗೆ ಎರಡೂ ಕಡೆ ನಿಂತಿರುವಾಗ, ಆರೋಗ್ಯ ಸಚಿವಾಲಯ ಒಂದೇ ಕೈಯಿಂದ ಹೊರಡಿಸುವ ನಿಯಮ ಸುಲಭವಾಗಿ ಒಂಟಿಯಾಗುತ್ತದೆ.

ತಡೆಯಾಜ್ಞೆ ಮತ್ತು ಅದರ ನಂತರ

ಸಾರ್ವಜನಿಕ ಆರೋಗ್ಯಕ್ಕಾಗಿ ದುಡಿಯುವ ಹೆಲ್ತ್ ಫಾರ್ ಮಿಲಿಯನ್ಸ್ ಟ್ರಸ್ಟ್ ಮತ್ತಿತರರು ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ, ನ್ಯಾಯಮೂರ್ತಿಗಳಾದ ಎ.ಎಂ. ಖಾನ್ವಿಲ್ಕರ್ ಮತ್ತು ಡಿ.ವೈ. ಚಂದ್ರಚೂಡ್ ಅವರ ಪೀಠದ ಮುಂದೆ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರೂ ತೀರ್ಪಿಗೆ ತಡೆ ಬೇಕೆಂದು ವಾದಿಸಿದರು. ನಾಗರಿಕನ ಆರೋಗ್ಯಕ್ಕೆ ಪ್ರಾಧಾನ್ಯವಿದೆ, ತನ್ನ ಆರೋಗ್ಯವನ್ನು ಕೆಡಿಸುವುದು ಯಾವುದೆಂದು ತಿಳಿದಿರಬೇಕಾದುದು ಅಗತ್ಯ ಎಂದು ಪೀಠ ಹೇಳಿತು. ಆರೋಗ್ಯ ‘ಕೆಡುವುದು’ ಎಂಬುದು ಮೆದುವಾದ ಪದ, ‘ನಾಶವಾಗುವುದು’ ಎಂಬುದೇ ತಕ್ಕದ್ದು ಎಂಬ ಅರ್ಥದ ಮಾತನ್ನೂ ತನ್ನ ಆದೇಶದಲ್ಲಿ ಸೇರಿಸಿತು. ಅದರೊಂದಿಗೆ ಶೇ 85 ಮರಳಿತು.

2018ರ ಸೆಪ್ಟೆಂಬರ್ 1ರಿಂದ ಹೊಸ ಚಿತ್ರಗಳೊಂದಿಗೆ ಒಂದು ದೂರವಾಣಿ ಸಂಖ್ಯೆಯೂ ಪ್ಯಾಕೆಟ್ ಮೇಲೆ ಬಂತು: ತಂಬಾಕು ಬಿಡಲು ನೆರವು ನೀಡುವ 1800-11-2356. ಈ ಸೇವೆ 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುರುವಾಗಿ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಇನ್ನೂ ಮೂರು ಕೇಂದ್ರಗಳಿಗೆ ವಿಸ್ತರಿಸಿತು. ಹಾಗಾಗಿ ದಕ್ಷಿಣದ ಭಾಷೆಗಳನ್ನಾಡುವವರಿಗೂ ತಮ್ಮ ನುಡಿಯಲ್ಲೇ ಸಮಾಲೋಚನೆ ದೊರೆಯುವಂತಾಯಿತು. ನನ್ನ ದೃಷ್ಟಿಯಲ್ಲಿ ಇಡೀ ಹೋರಾಟದ ಅತ್ಯಂತ ಉಪಯುಕ್ತ ಫಲ ಇದು. ಹೆದರಿಸುವ ಚಿತ್ರ ಮನಸ್ಸನ್ನು ಕಲಕುತ್ತದೆ. ಕಲಕಿದ ಮನಸ್ಸಿಗೆ ಅದೇ ಜಾಗದಲ್ಲಿ ಒಂದು ದಾರಿಯನ್ನೂ ತೋರಿಸದಿದ್ದರೆ ಸೇದುವವನು ಆ ಕಳವಳವನ್ನು ತಣಿಸಲು ಇನ್ನೊಂದು ಸಿಗರೇಟನ್ನೇ ಹಚ್ಚಬಹುದು.

ಪರಿಣಾಮದ ಲೆಕ್ಕ ಏನು ಹೇಳುತ್ತದೆ? ವಯಸ್ಕರ ತಂಬಾಕು ಬಳಕೆಯ ಜಾಗತಿಕ ಸಮೀಕ್ಷೆಯ ಭಾರತದ ಮೊದಲ ಸುತ್ತು 2009-10ರಲ್ಲಿ, ಎರಡನೆಯದು 2016-17ರಲ್ಲಿ ನಡೆಯಿತು. ತಂಬಾಕು ಬಳಸುವ ವಯಸ್ಕರ ಪ್ರಮಾಣ ಶೇ 34.6ರಿಂದ ಶೇ 28.6ಕ್ಕೆ, ಕರ್ನಾಟಕದಲ್ಲಿ ಶೇ 28.2ರಿಂದ ಶೇ 22.8ಕ್ಕೆ ಇಳಿಯಿತು. ಇದನ್ನೆಲ್ಲ ಶೇ 85ರ ಚಿತ್ರದ ಸಾಧನೆಯೆಂದು ಹೇಳುವುದು ಪ್ರಾಮಾಣಿಕವಾಗದು. ಎರಡನೆಯ ಸುತ್ತಿನ ಹೊತ್ತಿಗೆ ದೊಡ್ಡ ಚಿತ್ರಗಳು ಬಂದು ತಿಂಗಳುಗಳಷ್ಟೇ ಆಗಿದ್ದವು. 2008ರ ಅಕ್ಟೋಬರ್ 2ರಿಂದ ಜಾರಿಯಾದ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧ, ತೆರಿಗೆ, ರಾಜ್ಯಗಳ ಗುಟ್ಕಾ ನಿಷೇಧ ಎಲ್ಲವೂ ಆ ಇಳಿಕೆಯಲ್ಲಿ ಸೇರಿವೆ. ಇನ್ನೂ ಹತ್ತಿರದ ಸುಳಿವು ಬೇರೊಂದಿದೆ. ಪ್ಯಾಕೆಟ್ ಮೇಲಿನ ಎಚ್ಚರಿಕೆಯನ್ನು ನೋಡಿ ಬಿಡುವ ಯೋಚನೆ ಮಾಡಿದೆ ಎಂದವರು ಮೊದಲ ಸುತ್ತಿನಲ್ಲಿ ಸಿಗರೇಟು ಸೇದುವವರಲ್ಲಿ ಶೇ 38, ಬೀಡಿ ಸೇದುವವರಲ್ಲಿ ಶೇ 29ರ ಆಸುಪಾಸು. ಎರಡನೆಯ ಸುತ್ತಿನಲ್ಲಿ ಆ ಪ್ರಮಾಣ ಕ್ರಮವಾಗಿ ಶೇ 61.9 ಮತ್ತು ಶೇ 53.8. ಯೋಚನೆ ಬಿಡುವಿಕೆಯಲ್ಲ, ನಿಜ. ಆದರೆ ಬೀಡಿ ಸೇದುವವರಲ್ಲಿ, ಅಂದರೆ ಬಡವರೂ ಓದು ಕಡಿಮೆಯಿರುವವರೂ ಹೆಚ್ಚಿರುವ ವರ್ಗದಲ್ಲಿ, ಏರಿಕೆ ಅಷ್ಟಿರುವುದು ಚಿತ್ರದ ಭಾಷೆ ಯಾರನ್ನು ತಲುಪುತ್ತದೆಂಬುದನ್ನು ತೋರಿಸುತ್ತದೆ. ಹೊರಗಿನ ಅಳತೆಯಲ್ಲಿಯೂ ಬದಲಾವಣೆ ಕಂಡಿತು: ಎಚ್ಚರಿಕೆಯ ಗಾತ್ರದ ಜಾಗತಿಕ ಪಟ್ಟಿಯಲ್ಲಿ 2014ರಲ್ಲಿ 136ನೇ ಸ್ಥಾನದಲ್ಲಿದ್ದ ಭಾರತ 2016ರಲ್ಲಿ 3ನೇ ಸ್ಥಾನಕ್ಕೆ ಬಂತು.

ಬಿಡಿ ಸಿಗರೇಟಿನ ಸಮಸ್ಯೆ

ಈಗ ನಿಯಮ ಮುಟ್ಟಲಾಗದ ಜಾಗಕ್ಕೆ ಬರಬೇಕು. ಕರ್ನಾಟಕದ ಯಾವುದೇ ಊರಿನ ಬೀಡಾ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಪ್ಯಾಕೆಟ್ ಕೊಳ್ಳುವವರಿಗಿಂತ ಒಂದೋ ಎರಡೋ ಸಿಗರೇಟು ಕೊಳ್ಳುವವರೇ ಹೆಚ್ಚು ಕಾಣುತ್ತಾರೆ. ಪ್ಯಾಕೆಟ್ ಅಂಗಡಿಯವನ ಕೈಯಲ್ಲೇ ಉಳಿಯುತ್ತದೆ. ಕಾಲೇಜು ಹುಡುಗ ಚಹಾದ ಜೊತೆ ಒಂದು ಸಿಗರೇಟು ಕೊಂಡು, ಅಂಗಡಿಯಲ್ಲೇ ತೂಗುಹಾಕಿದ ಲೈಟರಿನಿಂದ ಹಚ್ಚಿಕೊಂಡು ಹೋಗುವಾಗ, ಹತ್ತು ವರ್ಷ ನ್ಯಾಯಾಲಯಗಳಲ್ಲಿ ಬಡಿದಾಡಿ ಉಳಿಸಿಕೊಂಡ ಚಿತ್ರವೂ ನಿಮ್ಹಾನ್ಸಿಗೆ ತಲುಪಿಸುವ ಸಂಖ್ಯೆಯೂ ಅವನ ಕಣ್ಣಿಗೆ ಬೀಳುವುದೇ ಇಲ್ಲ. ತೆರಿಗೆಯ ಏಟೂ ಬಿಡಿಯಾಗಿ ಕೊಳ್ಳುವವನಿಗೆ ಒಂದೆರಡು ರೂಪಾಯಿಯಾಗಿ ಕರಗಿಹೋಗುತ್ತದೆ. ಹೊಸಬರು ಈ ಚಟಕ್ಕೆ ಕಾಲಿಡುವುದು ಬಹುಪಾಲು ಇದೇ ಬಾಗಿಲಿನಿಂದ.

ಕರ್ನಾಟಕ ಸರ್ಕಾರ ಇದನ್ನು ಗುರುತಿಸಲಿಲ್ಲವೆಂದಲ್ಲ. ಎಚ್ಚರಿಕೆಯಿಲ್ಲದೆ ಮಾರುವಂತಿಲ್ಲ ಎಂಬ 7ನೇ ಕಲಮಿನ ತರ್ಕವನ್ನೇ ಹಿಡಿದು 2017ರಲ್ಲಿ ಬಿಡಿ ಮಾರಾಟವನ್ನು ನಿಷೇಧಿಸಿತು. ಅಂಗಡಿಗಳಲ್ಲಿ ಕಾಣುವ ಬದಲಾವಣೆ ಬಹಳ ಕಡಿಮೆ. 2024ರಲ್ಲಿ ವಿಧಾನಮಂಡಲ ಅಂಗೀಕರಿಸಿ, ರಾಷ್ಟ್ರಪತಿಯ ಅಂಕಿತ ಪಡೆದು 2025ರಲ್ಲಿ ಜಾರಿಗೆ ಬಂದ ಕೋಟ್ಪಾದ ಕರ್ನಾಟಕ ತಿದ್ದುಪಡಿಯು ಇನ್ನೂ ಮುಂದೆ ಹೋಗಿದೆ: ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್‌ಗಳು ನಿಷೇಧವಾದವು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ ಗರಿಷ್ಠ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿತು, ಬಿಡಿ ಮಾರಾಟದ ನಿಷೇಧ ಕಾಯ್ದೆಯ ಪಠ್ಯದಲ್ಲೇ ಸೇರಿತು.

ಕಾಯ್ದೆಯ ಪಠ್ಯದಿಂದ ಅಂಗಡಿಯ ಕಟ್ಟೆಗೆ ಇರುವ ದೂರವನ್ನು ದಾಟಿಸಬಲ್ಲ ಉಪಾಯ ನನಗೆ ಕಾಣುವಂತೆ ಪರವಾನಗಿಯೊಂದೇ. ತಂಬಾಕು ಮಾರುವ ಅಂಗಡಿಗೆ ಸ್ಥಳೀಯ ಸಂಸ್ಥೆಯ ಪ್ರತ್ಯೇಕ ಪರವಾನಗಿ ಇರಬೇಕು, ಅಂಥ ಅಂಗಡಿಯಲ್ಲಿ ಮಕ್ಕಳನ್ನು ಸೆಳೆಯುವ ಚಾಕೊಲೇಟು, ಬಿಸ್ಕತ್ತು, ತಂಪು ಪಾನೀಯ ಮಾರುವಂತಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರ ಸೆಪ್ಟೆಂಬರಿನಲ್ಲಿ ರಾಜ್ಯಗಳಿಗೆ ಸಲಹೆ ನೀಡಿತ್ತು. ಬಿಡಿ ಮಾರಿದವನ ಮೇಲೆ ದಂಡ ಹಾಕಲು ಪ್ರತಿ ಸಲವೂ ಪೊಲೀಸರು ಬರಬೇಕೆಂದರೆ ಅದು ನಡೆಯುವ ಮಾತಲ್ಲ. ಪರವಾನಗಿ ಕಳೆದುಕೊಳ್ಳುವ ಭಯ ದಿನವೂ ಕೆಲಸ ಮಾಡುತ್ತದೆ. ಗೂಡಂಗಡಿಯವರು ಬಡವರು, ಅವರ ಮೇಲೆ ಮೊದಲ ದಿನವೇ ಮುಗಿಬೀಳಬಾರದು ಎಂಬುದು ಸರಿ. ಶುಲ್ಕವಿಲ್ಲದ ನೋಂದಣಿ, ಒಂದು ವರ್ಷದ ತಿಳಿವಳಿಕೆಯ ಅವಧಿ, ತಂಬಾಕು ಬಿಟ್ಟು ಬೇರೆ ಸರಕು ಮಾರುವವರಿಗೆ ಸಣ್ಣ ಸಾಲ ಇವನ್ನು ಪಾಲಿಕೆಗಳೂ ಗ್ರಾಮ ಪಂಚಾಯಿತಿಗಳೂ ಮಾಡಬಹುದು. ಮತ್ತು ಆ ಉಪವಿಧಿಗಳನ್ನು ರೂಪಿಸುವಾಗ, ಪ್ರತಿ ಸಂಖ್ಯೆಗೂ ಪ್ರತಿ ನಿರ್ಬಂಧಕ್ಕೂ ಕಾರಣವನ್ನು ಕಡತದಲ್ಲಿ ಬರೆದಿಡಬೇಕು. ಅವೂ ಒಂದು ದಿನ ಇದೇ ಹೈಕೋರ್ಟಿನ ಮುಂದೆ ಬರುತ್ತವೆ.